ಮರ ಕಡಿಯುವ ಯಂತ್ರ ಕಲಿಯಲು ಬರುವ ಫಾರೆಸ್ಟ್ರಿ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬ್ಯಾಚಿಗೂ ಅವೇ ಪ್ರಶ್ನೆ. ಫೋನಿನಲ್ಲಿ ಅಪ್ಪಂದಿರು ಕೇಳುವುದು ಬೇರೆ, ಬಸ್ ಇಳಿದ ಹುಡುಗರು ಕೇಳುವುದು ಬೇರೆ, ಮೂರನೇ ದಿನ ಹೆಗಲು ನೋಯಲು ಶುರುವಾದ ಮೇಲೆ ಅವರೇ ಕೇಳುವುದು ಮತ್ತೂ ಬೇರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ. ನಾನು ಪ್ರೊಫೆಸರ್ ಅಲ್ಲ. ಹದಿನೈದು ವರ್ಷ ಇಟಾಚಿ ಓಡಿಸಿ ಈಗ ಧಾರವಾಡದ ಹತ್ತಿರ ಯಂತ್ರ ಕಲಿಸುತ್ತಿರುವವನು. ಪುಸ್ತಕದ ಮಾತು ಬೇಕಿದ್ದರೆ ನಿಮ್ಮ ಮೇಷ್ಟ್ರನ್ನು ಕೇಳಿ.

ಮರ ಕಡಿಯುವ ಯಂತ್ರ ಅಂದರೆ ಜೆಸಿಬಿನಾ?

ಅಲ್ಲ. ನಮ್ಮ ಕಡೆ ಮಣ್ಣು ಅಗೆಯುವುದೆಲ್ಲ ಜೆಸಿಬಿ, ಚೈನಿನ ಮೇಲೆ ಓಡಾಡುವುದೆಲ್ಲ ಇಟಾಚಿ. ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇದೆ, ಆ ಹೆಸರು ಇಲ್ಲಿ ಮನೆಮಾತು. ಇನ್ನು ಹಾರ್ವೆಸ್ಟರ್ ಅಂದರೆ ಹಾನಗಲ್ ಕಡೆಯ ಹುಡುಗರು ಭತ್ತ ಕೊಯ್ಯುವ ಯಂತ್ರ ಅಂದುಕೊಂಡು ಬರುತ್ತಾರೆ.

ಕಾಡಿನ ಹಾರ್ವೆಸ್ಟರ್ ಬೇರೆಯದೇ. ಅದಕ್ಕೊಂದು ಉದ್ದ ತೋಳು, ತೋಳಿನ ತುದಿಗೆ ಒಂದು ತಲೆ. ಕೆಲಸವೆಲ್ಲ ಆ ತಲೆಯದು. ಮರದ ಬುಡವನ್ನು ಅಪ್ಪಿ ಹಿಡಿಯುತ್ತದೆ, ಒಳಗಿನ ಚೈನ್ ಸಾ ಕೊಯ್ಯುತ್ತದೆ, ಮರವನ್ನು ಅಡ್ಡ ಮಲಗಿಸಿ ಹಲ್ಲಿನ ರೋಲರುಗಳು ಎಳೆಯುತ್ತವೆ, ಎಳೆಯುವಾಗಲೇ ಬಾಗಿದ ಚಾಕುಗಳು ಟೊಂಗೆ ಸವರುತ್ತವೆ, ಒಂದು ಸಣ್ಣ ಗಾಲಿ ಉದ್ದ ಅಳೆಯುತ್ತದೆ, ಅಳತೆ ಬಂದ ಕಡೆ ಮತ್ತೆ ತುಂಡು. ನಾನು ಇಷ್ಟು ಬರೆಯುವಷ್ಟರಲ್ಲಿ ಅದು ಎರಡು ಮರ ಮುಗಿಸಿರುತ್ತದೆ. ಹಿಂದೆ ಫಾರ್ವರ್ಡರ್ ಅಂತ ಇನ್ನೊಂದು ಯಂತ್ರ ಬಂದು ಆ ತುಂಡುಗಳನ್ನು ಎತ್ತಿ ತನ್ನ ಬೆನ್ನ ಮೇಲೆ ಹೇರಿಕೊಂಡು ರಸ್ತೆಗೆ ತರುತ್ತದೆ. ದಿಮ್ಮಿಯನ್ನು ನೆಲದ ಮೇಲೆ ಎಳೆಯುವ ಪ್ರಶ್ನೆಯೇ ಇಲ್ಲ.

ಇಲ್ಲೊಂದು ಮಾತು. ನಮ್ಮ ಕಡೆ ಎಷ್ಟೇ ದೊಡ್ಡ ಮರ ಇದ್ದರೂ ಅದಕ್ಕೆ ಗಿಡ ಅನ್ನುತ್ತೇವೆ. ಸಿರ್ಸಿ ಕಾಲೇಜಿನಿಂದ ಬಂದ ಹುಡುಗನೊಬ್ಬ ನಾನು "ಆ ಗಿಡ ಕಡಿ" ಅಂದಾಗ ಪಕ್ಕದ ಲಂಟಾನಾ ಪೊದೆ ಸವರಿ ಬಂದಿದ್ದ. ತಪ್ಪು ನನ್ನದೇ.

ಹಾಗಾದರೆ ಹಾರ್ವೆಸ್ಟರ್ ನಿಮ್ಮ ಹತ್ತಿರ ಇದೆಯಾ?

ಇಲ್ಲ. ಬಂದು ನೋಡಿ ಮುಖ ಸಪ್ಪೆ ಮಾಡಿಕೊಳ್ಳುವುದಕ್ಕಿಂತ ಮೊದಲೇ ಕೇಳಿಬಿಡುವುದು ಒಳ್ಳೆಯದು. ಹೊಸ ಹಾರ್ವೆಸ್ಟರಿನ ಬೆಲೆ ಕೋಟಿಗಳಲ್ಲಿದೆ, ತೂಕ ಸುಮಾರು 20 ಟನ್. ಫಿನ್ಲೆಂಡ್, ಸ್ವೀಡನ್ನಿನಂಥ ದೇಶಗಳಲ್ಲಿ ಅದು ನಮ್ಮ ಟ್ರ್ಯಾಕ್ಟರಿನ ಹಾಗೆ ಮಾಮೂಲಿ. ಫಿನ್ಲೆಂಡಿನಲ್ಲಿ ಶಾಲೆ ಮುಗಿಸಿದ ಹುಡುಗರು ಸುಮಾರು ಮೂರು ವರ್ಷ ಇದನ್ನೇ ವೃತ್ತಿ ಶಿಕ್ಷಣವಾಗಿ ಕಲಿಯುತ್ತಾರೆ.

ನಮ್ಮಲ್ಲಿ ಇರುವುದು ಇಷ್ಟು: ನಾಲ್ಕು ಚೈನ್ ಸಾ, ಒಂದು ಟ್ರ್ಯಾಕ್ಟರ್ ಮತ್ತು ಅದಕ್ಕೆ ಕಟ್ಟುವ ವಿಂಚ್ (ಹಗ್ಗ ಸುತ್ತಿ ದಿಮ್ಮಿ ಎಳೆಯುವ ರಾಟೆ), ಬಕೆಟ್ ಬಿಚ್ಚಿ ದಿಮ್ಮಿ ಹಿಡಿಯುವ ಗ್ರ್ಯಾಬ್ ಹಾಕಿದ ಇಟಾಚಿ, ಒಂದು ಸಿಮ್ಯುಲೇಟರ್ ಕುರ್ಚಿ. ಇದರಲ್ಲಿ ಕೈ ಕೂತರೆ ನಾಳೆ ಹಾರ್ವೆಸ್ಟರ್ ಸಿಕ್ಕಾಗ ನೀವು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಬ್ರೆಜಿಲ್, ಇಂಡೋನೇಷ್ಯಾದಂಥ ಕಡೆ ಇಟಾಚಿಯಂಥ ಯಂತ್ರಕ್ಕೇ ಹಾರ್ವೆಸ್ಟರ್ ತಲೆ ಜೋಡಿಸಿ ನೀಲಗಿರಿ, ಅಕೇಶಿಯಾ ಕಡಿಯುವುದು ಇದ್ದೇ ಇದೆ.

ನಾವು ಕಾಡು ಬೆಳೆಸುವುದನ್ನು ಓದುತ್ತಿರುವವರು. ಕಡಿಯುವುದು ನಮಗ್ಯಾಕೆ?

ಇದನ್ನು ಹೆಚ್ಚಾಗಿ ಎರಡನೇ ವರ್ಷದವರು ಕೇಳುತ್ತಾರೆ. ಕೊನೆಯ ವರ್ಷದವರು ಕೇಳುವುದಿಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಸಿರ್ಸಿಯಲ್ಲಿ ನಾಲ್ಕು ವರ್ಷ ಫಾರೆಸ್ಟ್ರಿ ಓದಿದವರಲ್ಲಿ ಎಷ್ಟೋ ಜನ ಮುಂದೆ ಆಪರೇಟರ್ ಆಗುವುದಿಲ್ಲ, ನನಗೂ ಗೊತ್ತು. ಆದರೆ ಅವರೇ ನಾಳೆ ನೆಡುತೋಪಿನ ನಕ್ಷೆ ಬರೆಯುವವರು, ಯಾವ ಮರ ಕಡಿಯಬೇಕು ಅಂತ ಗುರುತು ಹಾಕುವವರು, ಗುತ್ತಿಗೆದಾರನ ಕೆಲಸ ಸರಿ ಇದೆಯೋ ಇಲ್ಲವೋ ಅಂತ ಸಹಿ ಮಾಡುವವರು. ಸಾಲಿನ ನಡುವೆ ಎರಡು ಮೀಟರ್ ಬಿಟ್ಟು ಸಸಿ ನೆಟ್ಟರೆ ಆರು ವರ್ಷದ ಮೇಲೆ ಅಲ್ಲಿಗೆ ಟ್ರ್ಯಾಕ್ಟರ್ ಸಹ ನುಗ್ಗುವುದಿಲ್ಲ. ಆವಾಗ ಆಪರೇಟರ್‌ಗೆ ಬೈದು ಏನು ಪ್ರಯೋಜನ? ಒಂದು ದಿನ ವಿಂಚಿನ ಹಗ್ಗ ಎಳೆದು, ಬಗ್ಗಿ, ಬೆವರು ಸುರಿಸಿದವರು ಮಾತ್ರ ನೆಡುವ ದಿನವೇ ದಾರಿ ಬಿಡುತ್ತಾರೆ.

ಮೊದಲ ದಿನವೇ ಯಂತ್ರದಲ್ಲಿ ಕೂರಿಸುತ್ತೀರಾ?

ಕೂರಿಸುವುದಿಲ್ಲ. ಇದಕ್ಕೆ ಜಗಳ ಆಡಿದವರೂ ಇದ್ದಾರೆ.

ಮೊದಲ ಎರಡು ದಿನ ನಡಿಗೆ. ಬೆಳಿಗ್ಗೆ ಆರಕ್ಕೆ ತೋಪಿಗೆ ಹೋಗಿ ಒಂದು ಮರದ ಸುತ್ತ ಪೂರ್ತಿ ಸುತ್ತು ಹಾಕಿ, ಅದು ಯಾವ ಕಡೆ ವಾಲಿದೆ, ಯಾವ ಕಡೆ ಟೊಂಗೆ ಜಾಸ್ತಿ, ಮೇಲೆ ಒಣ ಟೊಂಗೆ ಸಿಕ್ಕಿಕೊಂಡಿದೆಯಾ, ಬುಡ ಪೊಳ್ಳಾ, ಗಾಳಿ ಎತ್ತಣಿಂದ, ಬಿದ್ದರೆ ಯಾವ ಮರಕ್ಕೆ ತಗುಲಿ ನಿಲ್ಲುತ್ತದೆ ಅಂತ ಹೇಳಬೇಕು. ಆಮೇಲೆ ನಾನು ಕಡಿಯುತ್ತೇನೆ. ನಿಮ್ಮ ಲೆಕ್ಕ ಸರಿಯಾ ತಪ್ಪಾ ಅಂತ ಮರವೇ ಹೇಳುತ್ತದೆ. ಮೊದಲ ದಿನ ಹತ್ತು ಮರದಲ್ಲಿ ನಾಲ್ಕು ಸರಿ ಬಂದರೆ ಹುಡುಗ ಚುರುಕು ಅಂತ ಲೆಕ್ಕ.

ಇಷ್ಟು ವರ್ಷ ಕಲಿಸಿ ನನಗೆ ಗೊತ್ತಾಗಿದ್ದು ಇದೇ. ಕೈ ಬೇಗ ಕಲಿಯುತ್ತದೆ, ಕಣ್ಣು ತಡವಾಗಿ ಕಲಿಯುತ್ತದೆ. ಮೊಬೈಲಿನಲ್ಲಿ ಆಟ ಆಡಿ ಬೆಳೆದ ಹುಡುಗರ ಬೆರಳು ನನ್ನ ಬೆರಳಿಗಿಂತ ಚುರುಕು. ಆದರೆ ಕ್ಯಾಬಿನ್ ಒಳಗೆ ಕೂತ ಮೇಲೆ ಮರ ಕಾಣುವುದು ಒಂದೇ ಕಡೆಯಿಂದ. ಕಾಣದ ಆ ಬದಿಯನ್ನು ಊಹಿಸುವುದು ನಡೆದು ನಡೆದು ಬರಬೇಕು.

ಚೈನ್ ಸಾ ಯಾಕೆ ಮೊದಲು? ಹೇಗಿದ್ದರೂ ಮುಂದೆ ಯಂತ್ರವೇ ಕಡಿಯುತ್ತಲ್ವಾ?

ಯಂತ್ರದ ತಲೆಯೊಳಗೆ ಇರುವುದೂ ಚೈನ್ ಸಾನೇ. ಕೈಯಲ್ಲಿ ಹಿಡಿದಾಗ ಅದು ಮೈಗೆ ಎಲ್ಲ ಹೇಳುತ್ತದೆ. ಮೊಂಡಾದರೆ ತೋಳಿಗೆ ಗೊತ್ತಾಗುತ್ತದೆ, ಮರ ಹಿಡಿದುಕೊಂಡರೆ ಮುಂಗೈಗೆ ಗೊತ್ತಾಗುತ್ತದೆ.

ಒಂದು ಉದಾಹರಣೆ. ನೆಲಕ್ಕೆ ಬಿದ್ದ ದಿಮ್ಮಿಯ ಎರಡೂ ತುದಿ ಏನಾದರೂ ಮೇಲೆ ಕೂತಿದೆ, ನಡುವೆ ಖಾಲಿ ಅಂದುಕೊಳ್ಳಿ. ನಡುಭಾಗ ಕೆಳಗೆ ಜಗ್ಗುತ್ತಿರುತ್ತದೆ, ಮೇಲಿನ ಮೈ ಒತ್ತಿಕೊಂಡಿರುತ್ತದೆ, ಕೆಳಗಿನ ಮೈ ಬಿಗಿದಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ಯಲು ಹೋದರೆ ಗರಗಸವನ್ನು ದಿಮ್ಮಿ ಕಚ್ಚಿಕೊಂಡು ಬಿಡುತ್ತದೆ. ಹಾಗಾಗಿ ಮೇಲಿನಿಂದ ಮೂರರಲ್ಲಿ ಒಂದು ಪಾಲು, ಉಳಿದದ್ದು ಕೆಳಗಿನಿಂದ. ಒಂದೇ ತುದಿ ಕೂತು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಇದರ ಉಲ್ಟಾ. ಇದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಒಮ್ಮೆ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಿಕ್ಕಿಕೊಂಡು, ಎಲ್ಲರ ಮುಂದೆ ಬೆಣೆ ಹೊಡೆದು ಬಿಡಿಸಿಕೊಂಡ ಮೇಲೆ ಮರೆಯುವುದೂ ಇಲ್ಲ.

ಮರ ಬೀಳಿಸುವುದೂ ಹಾಗೇ. ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕುತ್ತೇವೆ, ದಪ್ಪದ ಐದರಲ್ಲಿ ಒಂದು ಪಾಲಿನಿಂದ ನಾಲ್ಕರಲ್ಲಿ ಒಂದು ಪಾಲಿನವರೆಗೆ. ಆಮೇಲೆ ಹಿಂದಿನಿಂದ ಕೊಯ್ಯುತ್ತ ಬಂದು ನಡುವೆ ಒಂದು ಪಟ್ಟಿ ಬಿಡಬೇಕು. ಬಾಗಿಲಿಗೆ ಬಿಜಾಗರಿ ಹೇಗೋ ಮರಕ್ಕೆ ಆ ಪಟ್ಟಿ ಹಾಗೆ. 30 ಸೆಂಟಿಮೀಟರ್ ದಪ್ಪದ ಮರಕ್ಕೆ ಸುಮಾರು 3 ಸೆಂಟಿಮೀಟರ್ ಪಟ್ಟಿ. ಅದನ್ನೂ ಕೊಯ್ದುಬಿಟ್ಟರೆ ಮರ ಎತ್ತ ಬೀಳುತ್ತದೆ ಅನ್ನುವುದು ದೇವರಿಗೇ ಗೊತ್ತು. ಇನ್ನು ಮುಂದಕ್ಕೆ ತುಂಬಾ ವಾಲಿದ ಮರವನ್ನು ಸುಮ್ನೆ ಹಿಂದಿನಿಂದ ಕೊಯ್ಯುತ್ತ ಹೋದರೆ ಅದು ಉದ್ದಕ್ಕೆ ಸೀಳಿ, ಸೀಳಿದ ಹೋಳು ಕೊಯ್ಯುವವನ ಮುಖಕ್ಕೇ ಎದ್ದು ಬರುತ್ತದೆ. ಅಂಥ ಮರ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ.

ಚೈನ್ ಹರಿತ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಕೆಳಗೆ ಬೀಳುವುದನ್ನು ನೋಡಿ. ಚಕ್ಕೆ ಬಿದ್ದರೆ ಹರಿತ, ಹಿಟ್ಟಿನಂಥ ಪುಡಿ ಬಿದ್ದರೆ ಮೊಂಡು. ಇಷ್ಟೇ. ಮೊಂಡಾದ ಮೇಲೆ ಗರಗಸವನ್ನು ಒತ್ತಿ ಒತ್ತಿ ಕೊಯ್ಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಬಾರ್ ಕಾಯುತ್ತದೆ, ಕೊಯ್ತ ಸೊಟ್ಟ ಹೋಗುತ್ತದೆ, ಮೈಯೂ ಸೋಲುತ್ತದೆ.

ದುಂಡು ಅರ ತಗೊಂಡು ಪ್ರತಿ ಹಲ್ಲಿಗೂ ಒಂದೇ ಲೆಕ್ಕದ ಎಳೆತ, ಒಳಗಿನಿಂದ ಹೊರಗೆ. ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಐದು ಎಳೆದರೆ ಚೈನ್ ಒಂದು ಕಡೆಗೇ ಎಳೆಯುತ್ತದೆ. ಅರ ಚೈನಿಗೆ ತಕ್ಕ ದಪ್ಪದ್ದೇ ಇರಬೇಕು, 4, 4.8, 5.5 ಮಿಲಿಮೀಟರ್ ಅಂತ ಬರುತ್ತವೆ, ಅಂದಾಜಿನ ಮೇಲೆ ತರಬೇಡಿ. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಆಯಿಲ್ ಹಾಕುವುದನ್ನು ಮರೆತರೆ ಎಂಜಿನ್ ಸೀಜ್. ಒಂದು ಬ್ಯಾಚಿನಲ್ಲಿ ಒಂದಾದರೂ ಇದಕ್ಕೆ ಬಲಿಯಾಗುತ್ತದೆ.

ಸಿಮ್ಯುಲೇಟರ್ ಅಂದರೆ ವಿಡಿಯೊ ಗೇಮ್ ಅಲ್ವಾ?

ನೋಡಲು ಹಾಗೇ. ಎರಡು ಜಾಯ್‌ಸ್ಟಿಕ್, ಎದುರಿಗೆ ಪರದೆ, ಪರದೆಯ ತುಂಬ ಯಾವುದೋ ದೇಶದ ಪೈನ್ ಮರ. ಆದರೆ ನಿಜವಾದ ಯಂತ್ರ ಗಂಟೆಗೆ ಹತ್ತು ಹದಿನೈದು ಲೀಟರ್ ಡೀಸೆಲ್ ಕುಡಿಯುತ್ತದೆ, ಹೋಸ್ ಒಡೆದರೆ ಒಂದು ದಿನ ಹಾಳು. ಕುರ್ಚಿಯಲ್ಲಿ ನೂರು ಸಲ ತಪ್ಪು ಮಾಡಬಹುದು. ತೋಳು, ತಲೆ, ರೋಲರ್, ಗರಗಸ ಇವೆಲ್ಲ ಬೆರಳಿನಲ್ಲಿ ತಾನಾಗಿ ಬರುವವರೆಗೆ ಅಲ್ಲೇ ಕೂರುವುದು ಒಳ್ಳೆಯದು, ಯಾಕಂದರೆ ಈ ಗುಂಡಿ ಯಾವುದಕ್ಕೆ ಅಂತ ಯೋಚಿಸುತ್ತ ಕೂತವನಿಗೆ ಮರ ನೋಡಲು ತಲೆಯಲ್ಲಿ ಜಾಗ ಉಳಿಯುವುದಿಲ್ಲ.

ಕುರ್ಚಿ ಕಲಿಸದೇ ಇರುವುದು ಒಂದೇ, ಹೆದರಿಕೆ. ಯಂತ್ರ ಒಂದು ಬದಿಗೆ ವಾಲಿದಾಗ ಹೊಟ್ಟೆಯಲ್ಲಿ ಆಗುವ ಕಸಿವಿಸಿ ಪರದೆಯಿಂದ ಬರುವುದಿಲ್ಲ.

ಕೈ ಕೂರಲು ಎಷ್ಟು ದಿನ ಬೇಕು?

ಗ್ರ್ಯಾಬಿನಿಂದ ದಿಮ್ಮಿ ಹಿಡಿದು ಟ್ರೇಲರ್ ಮೇಲೆ ಇಡುವುದು ಒಂದು ವಾರದಲ್ಲಿ ಬರುತ್ತದೆ. ಸದ್ದಿಲ್ಲದೆ ಇಡುವುದು ಒಂದು ತಿಂಗಳು. ಹೊರ ದೇಶಗಳಲ್ಲಿ ಹಾರ್ವೆಸ್ಟರ್ ಕಲಿತವರು ಕೆಲಸಕ್ಕೆ ಸೇರಿದ ಮೇಲೂ ವರ್ಷಗಟ್ಟಲೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತಾರೆ.

ಯಂತ್ರ ಬದಲಾದಾಗ ಮಾತ್ರ ಹುಷಾರು. ಇಟಾಚಿಯಂಥ ಯಂತ್ರಗಳಲ್ಲಿ ಹಿಡಿಕೆಯ ಜೋಡಣೆ ಎರಡು ಥರ. ಒಂದರಲ್ಲಿ ಬೂಮ್ (ಯಂತ್ರದ ಮೈಗೆ ಸೇರಿದ ದೊಡ್ಡ ತೋಳು) ಬಲಗೈಯಲ್ಲಿ, ಆರ್ಮ್ (ಅದರ ಮುಂದಿನ ತೋಳು) ಎಡಗೈಯಲ್ಲಿ. ಇನ್ನೊಂದರಲ್ಲಿ ಅದಲು ಬದಲು. ನಾನು ಹೊಸದರಲ್ಲಿ ಹುಬ್ಬಳ್ಳಿಯ ಒಂದು ಸೈಟಿಗೆ ಹೋಗಿ, ಕೇಳದೆ ನೋಡದೆ ಕೂತು, ಬೂಮ್ ಎತ್ತಬೇಕು ಅಂತ ಹಿಡಿಕೆ ಎಳೆದೆ. ಬೂಮ್ ಅಲ್ಲಾಡಲಿಲ್ಲ, ಆರ್ಮ್ ಒಳಗೆ ಬಂದು ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಹಪ್ಪಳ. ಅದೃಷ್ಟಕ್ಕೆ ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಅವತ್ತಿನಿಂದ ಯಾವ ಯಂತ್ರ ಹತ್ತಿದರೂ, ನನ್ನದೇ ಆದರೂ, ಖಾಲಿ ಜಾಗದಲ್ಲಿ ಒಂದೊಂದೇ ಹಿಡಿಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ನೋಡುತ್ತೇನೆ. ನೀವೂ ನೋಡಬೇಕು, ನೋಡದವರನ್ನು ಇಳಿಸುತ್ತೇನೆ.

ಜೀವಕ್ಕೆ ಅಪಾಯ ಇಲ್ವಾ? (ಇದು ಅವ್ವಂದಿರ ಪ್ರಶ್ನೆ)

ಇದೆ ಅವ್ವಾ. ಇಲ್ಲ ಅಂತ ಸುಳ್ಳು ಹೇಳಿ ಮಕ್ಕಳನ್ನು ಕರೆಸಿಕೊಳ್ಳುವುದಿಲ್ಲ.

ಕೈಯಲ್ಲಿ ಹಿಡಿಯುವ ಚೈನ್ ಸಾದಲ್ಲಿ ದೊಡ್ಡ ಶತ್ರು ಬಾರಿನ ಮೂತಿಯ ಮೇಲ್ಭಾಗ. ಅದು ಯಾವುದಕ್ಕಾದರೂ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಹಾರುತ್ತದೆ. ಹಾಗಾಗಿ ಎರಡೂ ಕೈ, ಹೆಬ್ಬೆರಳು ಹಿಡಿಕೆಯನ್ನು ಸುತ್ತಿರಬೇಕು, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವಂತಿಲ್ಲ. ಹೆಲ್ಮೆಟ್, ಮುಖದ ಜಾಲರಿ, ಕಿವಿಗೆ ಮುಚ್ಚಳ, ಕಾಲಿಗೆ ಚೈನ್ ತಡೆಯುವ ಪ್ಯಾಂಟ್, ಬೂಟು. ಏಪ್ರಿಲ್ ಬಿಸಿಲಿಗೆ ಆ ಪ್ಯಾಂಟ್ ಹಾಕುವುದು ಶಿಕ್ಷೆಯೇ, ಒಪ್ಪುತ್ತೇನೆ. ಅದಕ್ಕೇ ಬೇಸಿಗೆಯಲ್ಲಿ ಗರಗಸದ ಕೆಲಸ ಆರಕ್ಕೆ ಶುರು, ಹತ್ತೂವರೆಗೆ ಬಂದ್. ಮರ ಬೀಳಿಸುವಾಗ ಉಳಿದವರು ಆ ಮರದ ಎತ್ತರದ ಎರಡರಷ್ಟು ದೂರ.

ಯಂತ್ರದ ಅಪಾಯ ಬೇರೆ. ಹಾರ್ವೆಸ್ಟರ್ ತಲೆಯ ಚೈನ್ ಹರಿದರೆ ಅದರ ಕೊಂಡಿಯ ಚೂರು ಗುಂಡಿನ ಹಾಗೆ ಹಾರುತ್ತದೆ, ಅದಕ್ಕೇ ಅಂಥ ಕ್ಯಾಬಿನ್ನಿಗೆ ಮಾಮೂಲಿ ಗಾಜಿನ ಬದಲು ದಪ್ಪ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಾರ್ ಯಾವ ನೇರಕ್ಕಿದೆಯೋ ಆ ನೇರದಲ್ಲಿ ಯಾರೂ ನಿಲ್ಲಬಾರದು. ಇಟಾಚಿ, ವಿಂಚು ಎಲ್ಲದಕ್ಕೂ ಒಂದೇ ಮಾತು: ಬಿಗಿದ ಹಗ್ಗದ ಹತ್ತಿರ ನಿಲ್ಲಬೇಡಿ, ಹಗ್ಗ ದಾಟಬೇಡಿ.

ಇನ್ನೊಂದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ಹೈಡ್ರಾಲಿಕ್ ಎಣ್ಣೆಯ ಸೋರಿಕೆ. ಹೋಸಿನಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೆ ಎಣ್ಣೆ ಹೊಗೆಯ ಹಾಗೆ ಚಿಮ್ಮುತ್ತದೆ. ಕೈ ಸವರಿ ಹುಡುಕಿದರೆ ಆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗುರುತು, ಒಳಗೆ ಬೆರಳೇ ಕೊಳೆಯಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಚುಚ್ಚಿದರೆ ನೋವು ಇಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆ, ಅಲ್ಲಿ "ಪ್ರೆಶರ್‌ನಲ್ಲಿ ಎಣ್ಣೆ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು.

ಮಳೆಗಾಲದಲ್ಲಿ ತರಬೇತಿ ಇರುತ್ತದಾ?

ಮಣ್ಣು ನೋಡಿ ಹೇಳುತ್ತೇನೆ. ನವಲಗುಂದ, ರೋಣದ ಎರಿ ಮಣ್ಣಿಗೆ ಒಂದು ಹದ ಮಳೆ ಬಿದ್ದರೆ ಚಪ್ಪಲಿಯೇ ಮೇಲೆ ಬರುವುದಿಲ್ಲ, 20 ಟನ್ ಯಂತ್ರದ ಮಾತು ಬಿಡಿ. ರಾಣೆಬೆನ್ನೂರು ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಎರಡು ದಿನ ಬಿಸಿಲು ಬಿದ್ದರೆ ನಡೆಯುತ್ತದೆ.

ಹಸಿ ನೆಲದ ಮೇಲೆ ಯಂತ್ರ ಓಡಿಸಿದರೆ ಮಣ್ಣು ಗಟ್ಟಿಯಾಗಿ, ನೀರು ಇಂಗದೆ, ಮುಂದಿನ ಬೆಳೆಯ ಬೇರು ಒದ್ದಾಡುತ್ತದೆ. ಒಳ್ಳೆಯ ಹಾರ್ವೆಸ್ಟರ್ ಆಪರೇಟರ್ ಇದಕ್ಕೊಂದು ಉಪಾಯ ಮಾಡುತ್ತಾನೆ: ಸವರಿದ ಟೊಂಗೆಗಳು ತನ್ನ ಯಂತ್ರದ ಮುಂದೆಯೇ ಬೀಳುವ ಹಾಗೆ ಮರ ಹಿಡಿದು, ಅದೇ ಟೊಂಗೆಗಳ ಹಾಸಿಗೆಯ ಮೇಲೆ ಮುಂದೆ ಹೋಗುತ್ತಾನೆ. ನಾವು ಇಟಾಚಿಯಲ್ಲಿ ಇದನ್ನೇ ಅಭ್ಯಾಸ ಮಾಡಿಸುತ್ತೇವೆ. ಎರಡು ಸಾಲು ಬೇರೆ ಬೇರೆ ಥರ ಓಡಿಸಿ, ಚೈನಿನ ಗುರುತಿನ ಆಳವನ್ನು ಸ್ಕೇಲ್ ಇಟ್ಟು ಅಳೆದು ನೋಡಿದರೆ ಯಾರಿಗೂ ಮತ್ತೆ ಹೇಳಬೇಕಿಲ್ಲ.

ನೀಲಗಿರಿ ಬೊಡ್ಡೆ ಬಗ್ಗೆ ಯಾಕೆ ಇಷ್ಟು ಕಿರಿಕಿರಿ ಮಾಡುತ್ತೀರಿ?

ಬೊಡ್ಡೆ, ಅಂದರೆ ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡವೇ ಮುಂದಿನ ಬೆಳೆ, ಅದಕ್ಕೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೂ ಹಳೆಯ ತೋಪುಗಳು ಬೊಡ್ಡೆಯಿಂದ ಚಿಗುರುತ್ತಲೇ ಇವೆ. ಚಿಗುರು ಚೆನ್ನಾಗಿ ಬರಬೇಕಾದರೆ ಬೊಡ್ಡೆ ನೆಲದಿಂದ ಸುಮಾರು 10 ಸೆಂಟಿಮೀಟರ್ ಎತ್ತರಕ್ಕೆ ನೀಟಾಗಿ ಕೊಯ್ದಿರಬೇಕು, ಸೀಳಿರಬಾರದು, ತೊಗಟೆ ಸುಲಿದು ಬಂದಿರಬಾರದು. ಯಂತ್ರದಿಂದ ಮರವನ್ನು ತಳ್ಳಿ ಕಿತ್ತರೆ ಕೆಲಸ ಬೇಗ ಮುಗಿಯುತ್ತದೆ, ರೈತನ ಎರಡನೇ ಫಸಲೂ ಅಲ್ಲಿಗೇ ಮುಗಿಯುತ್ತದೆ. ತೊಗಟೆ ಮಾತು ಬಂತಲ್ಲ, ಬ್ರೆಜಿಲ್ ಕಡೆ ಹಾರ್ವೆಸ್ಟರ್ ತಲೆಯೇ ಹಸಿ ನೀಲಗಿರಿಯನ್ನು ಹಿಂದೆ ಮುಂದೆ ಎಳೆದು ತೊಗಟೆ ಸುಲಿದು ಹಾಕುತ್ತದೆ. ನಮ್ಮಲ್ಲಿ ಅದು ಇನ್ನೂ ಕೊಡಲಿ, ಕುಡುಗೋಲು ಹಿಡಿದ ಕೈಗಳ ಕೆಲಸ.

ಎಲ್ಲಿ ಬೇಕಾದರೂ ಕಡಿದು ಅಭ್ಯಾಸ ಮಾಡಬಹುದಾ?

ಖಂಡಿತ ಇಲ್ಲ. ನಮ್ಮ ಅಭ್ಯಾಸ ರೈತರ ಸ್ವಂತ ತೋಪಿನಲ್ಲಿ, ನೀಲಗಿರಿ, ಗಾಳಿಮರ, ಸುಬಾಬುಲ್ ಮೇಲೆ ಮಾತ್ರ. 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆಯಲ್ಲಿ ಈ ಜಾತಿಗಳಿಗೆ ವಿನಾಯಿತಿ ಇದೆ. ಸಾಗವಾನಿ, ಬೀಟೆ ಸ್ವಂತ ಹೊಲದಲ್ಲಿದ್ದರೂ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಸರ್ಕಾರಿ ಕಾಡಿನ ಮಾತೇ ಬೇರೆ, 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಮಂಜೂರಾದ ಕಾರ್ಯಯೋಜನೆ ಇಲ್ಲದೆ ಅಲ್ಲಿ ಕಡಿಯುವ ಹಾಗಿಲ್ಲ. ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಒಳಗೆ ಎಷ್ಟು ನೀಲಗಿರಿ ನಿಂತಿದ್ದರೂ ನಮಗೆ ಅದು ನೋಡಲು ಮಾತ್ರ. "ಸರ್, ಅಲ್ಲಿ ಸಿಕ್ಕಾಪಟ್ಟೆ ಮರ ಇದೆಯಲ್ಲ" ಅಂತ ಪ್ರತಿ ಸಲ ಒಬ್ಬ ಹೇಳುತ್ತಾನೆ.

ಹುಡುಗಿಯರು ಬರಬಹುದಾ?

ಬರಬಹುದು, ಬಂದಿದ್ದಾರೆ. ಶಕ್ತಿ ಹೈಡ್ರಾಲಿಕ್ಕಿನದು, ತೋಳಿನದಲ್ಲ. ನನ್ನ ಲೆಕ್ಕದಲ್ಲಿ ಅವರು ಯಂತ್ರವನ್ನು ಕಡಿಮೆ ಹೊಡೆಯುತ್ತಾರೆ, ಗ್ರೀಸ್ ಹಾಕಲು ಮರೆಯುವುದಿಲ್ಲ. ತೋಪಿನಲ್ಲಿ ಶೌಚಾಲಯ ಇರಲಿಲ್ಲ, ಅದು ನಿಜವಾದ ತೊಂದರೆಯಾಗಿತ್ತು. ಈಗ ರೈತರ ತೋಟದ ಮನೆ ಇರುವ ಜಾಗವನ್ನೇ ಆರಿಸುತ್ತೇವೆ.

ಇದರಿಂದ ಕೆಲಸ ಸಿಗುತ್ತದಾ?

ನೇರವಾಗಿ ಹೇಳುತ್ತೇನೆ, "ಹಾರ್ವೆಸ್ಟರ್ ಆಪರೇಟರ್ ಬೇಕಾಗಿದ್ದಾರೆ" ಅಂತ ಹುಬ್ಬಳ್ಳಿಯ ಪೇಪರಿನಲ್ಲಿ ಜಾಹೀರಾತು ಬರುವುದಿಲ್ಲ. ಆದರೆ ದಾಂಡೇಲಿಯ ಕಾಗದ ಕಾರ್ಖಾನೆಗೆ, ಕುಮಾರಪಟ್ಟಣದ ಪಾಲಿಫೈಬರ್ ಕಾರ್ಖಾನೆಗೆ ಕಟ್ಟಿಗೆ ಬೇಕೇ ಬೇಕು, ಅದನ್ನು ಕಡಿದು ಹೇರಿ ತಲುಪಿಸುವ ಜನ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಅಂತ ಗುತ್ತಿಗೆದಾರರು ನನ್ನ ಹತ್ತಿರ ಗೋಳಾಡುತ್ತಾರೆ. ಮಂಗಳೂರು, ಕಾಂಡ್ಲಾ ಬಂದರಿಗೆ ಹಡಗಿನಲ್ಲಿ ದಿಮ್ಮಿ ಬರುತ್ತದೆ, ಅಲ್ಲಿ ಗ್ರ್ಯಾಬ್ ಯಂತ್ರ ಬಲ್ಲವರಿಗೆ ಕೆಲಸ. ಕರೆಂಟ್ ತಂತಿಗೆ ತಾಗುವ ಟೊಂಗೆ ಸವರುವುದು, ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ತೆಗೆಯುವುದು, ಇದೂ ಕೆಲಸವೇ, ಇದನ್ನು ಸರಿಯಾಗಿ ಬಲ್ಲವರು ಕಡಿಮೆ.

ಯಂತ್ರ ಬಂದರೆ ಕೂಲಿಯವರ ಗತಿ?

ಈ ಪ್ರಶ್ನೆ ಕೇಳಿದ ಹುಡುಗಿಯ ಅಪ್ಪ ಶಿಗ್ಗಾವಿ ಕಡೆ ಮರ ಕಡಿಯುವ ಗ್ಯಾಂಗಿನ ಮೇಸ್ತ್ರಿ. ನಾನು ಏನೋ ಹಾರಿಕೆ ಉತ್ತರ ಕೊಟ್ಟೆ. ಅವಳೇ ಮರುವಾರ ಅಪ್ಪನನ್ನು ಕರೆದುಕೊಂಡು ಬಂದಳು. ಆತ ಒಂದು ಗಂಟೆ ಇಟಾಚಿ ನೋಡುತ್ತ ನಿಂತು, ಆಮೇಲೆ ನಮ್ಮ ಹುಡುಗರು ಹಾಕಿದ ಕಚ್ಚು ನೋಡಿ, ಗರಗಸ ಇಸಿದುಕೊಂಡು ತಾನೇ ಒಂದು ಕಚ್ಚು ಹಾಕಿ ತೋರಿಸಿದ. ಸ್ಕೇಲ್ ಇಟ್ಟರೂ ತಪ್ಪು ಸಿಗಲಿಲ್ಲ. ಈಗ ಮೊದಲ ಎರಡು ದಿನದ ನಡಿಗೆ ಕ್ಲಾಸು ಅವರದೇ, ದಿನದ ಸಂಬಳ ನನ್ನಷ್ಟೇ. ಎಲ್ಲ ಕೂಲಿಯವರಿಗೂ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಲೈಸೆನ್ಸ್ ಬೇಕಾ? ಏನೇನು ತರಬೇಕು?

18 ತುಂಬಿರಬೇಕು. ಟ್ರ್ಯಾಕ್ಟರನ್ನು ರಸ್ತೆಗೆ ಇಳಿಸುವವರಿಗೆ ಲೈಸೆನ್ಸ್ ಬೇಕು, ತೋಪಿನ ಒಳಗೆ ನಾನು ಪಕ್ಕದಲ್ಲಿ ಇರುತ್ತೇನೆ. ಹೆಲ್ಮೆಟ್, ಪ್ಯಾಂಟ್ ನಮ್ಮಲ್ಲೇ ಇವೆ, ಬೂಟು ನಿಮ್ಮ ಅಳತೆಯದು ನೀವೇ ತನ್ನಿ, ಹೊಸದಾದರೆ ಬರುವ ಮೊದಲು ನಾಲ್ಕು ದಿನ ಹಾಕಿಕೊಂಡು ಓಡಾಡಿ. ಎರಡು ಲೀಟರ್ ನೀರಿನ ಬಾಟಲಿ. ಉಂಗುರ, ಕೊರಳ ಚೈನು, ಕೈಗೆ ಕಟ್ಟಿದ ದಾರ ತೆಗೆದಿಟ್ಟು ಬನ್ನಿ, ದೇವರ ದಾರ ಇದ್ದರೆ ಪರ್ಸಿನಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ನಮ್ಮದು. ಅನ್ನ ಬೇಕೇ ಬೇಕು ಅನ್ನುವವರು ಹಿಂದಿನ ದಿನ ಹೇಳಿ.